ಓದುಗರ ಪ್ರಶ್ನೆ: ದೋಣೀಲಿ ಮಕ್ಕಳಿಗೆ ಹಕ್ಕಿ ಪಾಠ

ಪ್ರಶ್ನೆ: ಇಬ್ರು ಮಕ್ಕಳು, ಮೊಬೈಲ್ ಬಿಟ್ರೆ ಲೋಕ ಇಲ್ಲ. ರಂಗನತಿಟ್ಟಲ್ಲಿ ದೋಣಿ ಹತ್ತಿಸೋಣ ಅಂತಿದೀವಿ, ಯಾವಾಗ ಹೋಗ್ಬೇಕು, ಮೊಸಳೆ ಭಯ ಇಲ್ವಾ?
– ಒಬ್ಬ ತಾಯಿ, ಹಾಸನ

ಉತ್ತರ: ಖಂಡಿತ ಹೋಗಿ, ಆದ್ರೆ ಮಳೆಗಾಲ ಬೇಡ, ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ರೆ ತಿಟ್ಟುಗಳೇ ಮುಳುಗಿ ದೋಣಿ ನಿಲ್ಲಿಸ್ತಾರೆ. ಜನವರಿಯಿಂದ ಮಾರ್ಚ್ ಒಳಗೆ, ಬೆಳಿಗ್ಗೆ ಬೇಗ ಹೋದ್ರೆ ಗೂಡು ಕಟ್ಟೋ ಗಲಾಟೆ ನೋಡ್ಬಹುದು. ಮೊಸಳೆ ಬಂಡೆ ಮೇಲೆ ಬಾಯಿ ತೆರ್ಕೊಂಡು ಮಲಗಿರೋದು ಮೈ ಬಿಸಿ ಇಳಿಸ್ಕೊಳ್ಳೋಕೆ, ನಿಮ್ಮ ಮಕ್ಕಳನ್ನ ನುಂಗೋಕಲ್ಲ, ಆದ್ರೂ ಕೈ ನೀರಿಗೆ ಇಳಿಬಿಡೋಕೆ ಬಿಡ್ಬೇಡಿ.

ಹೆಸರು ಬಾಯಿಪಾಠ ಮಾಡಿಸ್ಬೇಡಿ ಮಾರಾಯ್ರೆ, ಕೊಕ್ಕು ನೋಡೋಕೆ ಹೇಳಿ ಸಾಕು. ಚಮಚದ ಕೊಕ್ಕಿನ ಹಕ್ಕಿ ಕೊಕ್ಕನ್ನ ನೀರಲ್ಲಿ ಅರ್ಧ ತೆರೆದು ಆ ಕಡೆ ಈ ಕಡೆ ಆಡಿಸ್ತಾ ಹೋಗುತ್ತೆ, ಮೀನು ತಗುಲಿದ ತಕ್ಷಣ ಪಟ್ ಅಂತ ಮುಚ್ಚುತ್ತೆ, ಬಾಯ್ಕಳಕ ಕೊಕ್ಕರೆಗೆ ಕೊಕ್ಕಿನ ನಡುವೆ ಸಂದು ಇರುತ್ತೆ, ಅದರ ಮುಖ್ಯ ಊಟ ಬಸವನಹುಳು. ದೊಡ್ಡವನು ಇತಿಹಾಸ ಕೇಳಿದ್ರೆ, ಪಕ್ಷಿತಜ್ಞ ಸಲೀಂ ಅಲಿ ಹೇಳಿದ್ಮೇಲೆ 1940ರಲ್ಲಿ ಇದು ಪಕ್ಷಿಧಾಮ ಆಯ್ತು, 2022ರಲ್ಲಿ ಲೋಕದ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರ್ತು ಅನ್ನಿ. ಬೈನಾಕ್ಯುಲರ್ ಒಂದೇ ಇದ್ರೆ ಜಗಳ ಗ್ಯಾರಂಟಿ, ಎರಡು ತಗೊಂಡ್ಹೋಗಿ.