ರಾಡ್ ಹಿಡಿಯುವ ಮೊದಲು ಟೇಪ್ ಹಿಡಿ

ಪ್ರಶ್ನೆ: ಈ ಸಲ ಎಸ್‌ಎಸ್‌ಎಲ್‌ಸಿ ಪಾಸಾದೆ, ಮಾರ್ಕ್ಸ್ ಕಮ್ಮಿ. ಐಟಿಐಗೆ ಸೇರಿ ವೆಲ್ಡಿಂಗ್ ಕಲಿಯುವ ಆಸೆ. ನಮ್ಮ ಮಾವನದ್ದು ಗ್ರಿಲ್ ಅಂಗಡಿ ಇದೆ. "ಒಂದು ವರ್ಷ ಸುಮ್ನೆ ಯಾಕೆ ಹಾಳು ಮಾಡ್ತೀಯ, ಅಂಗಡಿಗೆ ಬಾ, ಮೂರು ತಿಂಗಳಲ್ಲಿ ಕಲಿಸ್ತೀನಿ" ಅಂತಾರೆ. ಏನು ಮಾಡಲಿ ಸರ್?
— ಒಬ್ಬ ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಮಾವ ಹೇಳುವುದು ಪೂರ್ತಿ ಸುಳ್ಳಲ್ಲ. ಅಂಗಡಿಯಲ್ಲಿ ಕೈ ಬೇಗ ಓಡುತ್ತದೆ, ಗಿರಾಕಿ ಜೊತೆ ಮಾತಾಡುವುದೂ ಬರುತ್ತದೆ. ಆದರೆ ಅಲ್ಲಿ ಸಿಗುವ ಕೆಲಸ ಯಾವುದು? ಸ್ಕ್ವೇರ್ ಪೈಪ್, ಆಂಗಲ್, ಫ್ಲ್ಯಾಟು, ಮತ್ತೆ ಅದೇ. ಐಟಿಐ ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು, 8ನೇ ತರಗತಿ ಪಾಸಾಗಿದ್ದರೂ ಸಾಕು. ಗ್ಯಾಸ್, ಆರ್ಕ್, ಸಿಓಟು, ಟಿಗ್ ಅಂತ ಬೇರೆ ಬೇರೆ ಬಗೆಯ ವೆಲ್ಡಿಂಗಿನ ಪರಿಚಯ ಆಗುತ್ತದೆ. ಪ್ಲೇಟನ್ನು ಮಲಗಿಸಿ, ನಿಲ್ಲಿಸಿ, ಕೊನೆಗೆ ತಲೆಗಿಂತ ಎತ್ತರದಲ್ಲಿ ಕಟ್ಟಿಯೂ ಬೆಸುಗೆ ಹಾಕಿಸುತ್ತಾರೆ. ಡ್ರಾಯಿಂಗ್ ಓದುವುದನ್ನೂ ಕಲಿಸುತ್ತಾರೆ, ಅಂಗಡಿಯಲ್ಲಿ ಅದನ್ನು ಯಾರೂ ಕೂತು ಹೇಳಿಕೊಡುವುದಿಲ್ಲ. ರೈಲ್ವೆ ವರ್ಕ್‌ಶಾಪು, ಬಿಇಎಂಎಲ್ ಥರದ ಕಡೆ ಟ್ರೇಡ್ ಅಪ್ರೆಂಟಿಸ್ (ಕೆಲಸ ಮಾಡುತ್ತಾ ಕಲಿಯುವವನು) ಆಗಬೇಕೆಂದರೆ ಆ ಸರ್ಟಿಫಿಕೇಟನ್ನೇ ಮೊದಲು ಕೇಳುತ್ತಾರೆ. ಐಟಿಐಗೆ ಹೋಗು. ಭಾನುವಾರ ಮಾವನ ಅಂಗಡಿಗೆ ಹೋಗು.

ಒಂದು ಕಿವಿಮಾತು. ಸೇರುವ ಮೊದಲು ವರ್ಕ್‌ಶಾಪಿನ ಒಳಗೆ ಒಂದು ಸಲ ನೋಡಿಕೊಂಡು ಬಾ. ಎಷ್ಟು ಮೆಷಿನ್ ಓಡುತ್ತಿವೆ, ಹುಡುಗರಿಗೆ ದಿನಕ್ಕೆ ಎಷ್ಟು ರಾಡ್ (ಕರಗಿ ಬೆಸುಗೆ ಆಗುವ ಕಡ್ಡಿ) ಕೊಡುತ್ತಾರೆ ಅಂತ ಸೀನಿಯರ್‌ಗಳನ್ನು ಕೇಳು. ಕಟ್ಟಡ ಎಷ್ಟೇ ಚೆನ್ನಾಗಿರಲಿ, ರಾಡ್ ಸುಡದ ಕಡೆ ವೆಲ್ಡಿಂಗ್ ಬರುವುದಿಲ್ಲ.

ಪ್ರಶ್ನೆ: ಸೇರಿ ಒಂದು ತಿಂಗಳಾಯಿತು, ನನ್ನ ರಾಡ್ ಬರೀ ಅಂಟಿಕೊಳ್ಳುತ್ತದೆ. ಎಲ್ಲರೂ ನಗುತ್ತಾರೆ.
— ಐಟಿಐ ವಿದ್ಯಾರ್ಥಿ, ತಿಪಟೂರು

ಉತ್ತರ: ನಗುವವರ ರಾಡೂ ಅಂಟಿದ್ದೇ. ಮೊದಲು ಕರೆಂಟ್ ನೋಡು. 2.5 ಎಂಎಂ ದಪ್ಪದ, 6013 ನಂಬರಿನ ರಾಡಿಗೆ ಸುಮಾರು 60ರಿಂದ 90 ಆಂಪಿಯರ್ ಬೇಕು, 3.15ಕ್ಕೆ 90ರಿಂದ 130. ರಾಡಿನ ಪಾಕೀಟಿನ ಮೇಲೆಯೇ ಬರೆದಿರುತ್ತದೆ, ಯಾರೂ ಓದುವುದಿಲ್ಲ ಅಷ್ಟೆ. ಅರ್ಥಿಂಗ್ ಕ್ಲ್ಯಾಂಪು ತುಕ್ಕಿನ ಮೇಲೆ ಕೂತಿದ್ದರೂ ಇದೇ ಕಥೆ, ಗ್ರೈಂಡರಿನಲ್ಲಿ ಜಾಗ ಉಜ್ಜಿ ಹಾಕು.

ಇನ್ನು ಕೈ. ರಾಡನ್ನು ಜಾಬಿಗೆ (ಬೆಸುಗೆ ಹಾಕುವ ಕಬ್ಬಿಣಕ್ಕೆ) ಕುಟ್ಟಬೇಡ, ಗೀರಿ ಎತ್ತು. ಕಿಡಿ ಹತ್ತಿದ ಮೇಲೆ ರಾಡಿನ ಒಳಗಿನ ತಂತಿ ಎಷ್ಟು ದಪ್ಪ ಇದೆಯೋ ಸುಮಾರು ಅಷ್ಟೇ ಅಂತರ ಇಟ್ಟುಕೋ. ರಾಡ್ ಕರಗಿ ಗಿಡ್ಡ ಆಗುತ್ತಾ ಹೋಗುತ್ತದೆ ಅಲ್ವಾ, ಹಾಗಾಗಿ ಕೈ ಮುಂದಕ್ಕೆ ಹೋಗುವುದರ ಜೊತೆಗೆ ಕೆಳಕ್ಕೂ ಇಳಿಯುತ್ತಿರಬೇಕು, ಹೊಸಬರು ತಪ್ಪುವುದು ಇಲ್ಲೇ. ಕಿವಿಯನ್ನೂ ತೆರೆದಿಡು. ಎಣ್ಣೆಯಲ್ಲಿ ಹಪ್ಪಳ ಬೇಯುವ ಹಾಗೆ ಒಂದೇ ಸಮ ಚರಚರ ಅಂದರೆ ಸರಿ ಇದೆ. ಪಟಪಟ ಸಿಡಿದರೆ ಅಂತರ ಜಾಸ್ತಿ ಆಗಿದೆ. ಅಂಟಿದರೆ ಹೋಲ್ಡರ್ ಅಲ್ಲಾಡಿಸಿ ಕೀಳು, ಬಾರದಿದ್ದರೆ ಹೋಲ್ಡರ್ ಒತ್ತಿ ರಾಡ್ ಬಿಟ್ಟುಬಿಡು. ಮುಖದ ಶೀಲ್ಡ್ ಮಾತ್ರ ತೆಗೆಯಬೇಡ, ಬಿಡುವಾಗಲೂ ಕಿಡಿ ಹೊಡೆಯುತ್ತದೆ.

ಪ್ರಶ್ನೆ: ನಾನು ಮಾಡಿದ ಗೇಟಿನ ಫ್ರೇಮ್ ವೆಲ್ಡಿಂಗ್ ಮುಗಿಯುವಷ್ಟರಲ್ಲಿ ಸೊಟ್ಟ ಆಗಿರುತ್ತದೆ. ವೆಲ್ಡಿಂಗ್ ಚೆನ್ನಾಗೇ ಇದೆ.
— ಓದುಗ, ಗಂಗಾವತಿ

ಉತ್ತರ: ಫ್ಯಾಬ್ರಿಕೇಶನ್‌ನಲ್ಲಿ ವೆಲ್ಡಿಂಗ್ ಕೊನೆಯ ಕೆಲಸ. ಅದಕ್ಕೆ ಮೊದಲು ಅಳತೆ, ಕಟಿಂಗ್, ಜೋಡಣೆ. ಕಬ್ಬಿಣ ಕಾದಾಗ ಹಿಗ್ಗುತ್ತದೆ, ಆರುವಾಗ ಬೆಸುಗೆ ಕುಗ್ಗಿ ತನ್ನ ಕಡೆಗೆ ಎಳೆಯುತ್ತದೆ. ಒಂದು ಮೂಲೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಎಳೆಯದೆ ಇರುತ್ತದಾ? ನಾಲ್ಕೂ ಮೂಲೆಗೆ ಚಿಕ್ಕ ಟ್ಯಾಕ್ (ಹಿಡಿದಿಡುವಷ್ಟೇ ಒಂದು ಚುಕ್ಕೆ ಬೆಸುಗೆ) ಹಾಕು, ಟೇಪ್ ಹಿಡಿದು ಎರಡೂ ಕರ್ಣ (ಮೂಲೆಯಿಂದ ಎದುರು ಮೂಲೆಗೆ) ಅಳೆ. ಎರಡೂ ಒಂದೇ ಬಂದರೆ ಫ್ರೇಮ್ ಮೂಲೆಮಟ್ಟಕ್ಕೆ ಇದೆ. ಒಂದು 4 ಎಂಎಂ ಉದ್ದ ಬಂತು ಅಂದುಕೋ, ಆ ಕರ್ಣದ ಮೂಲೆಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಮತ್ತೆ ಅಳೆ. ಟ್ಯಾಕ್ ಇರುವಾಗ ಇದು ನಿಮಿಷದ ಕೆಲಸ, ಪೂರ್ತಿ ವೆಲ್ಡ್ ಆದಮೇಲೆ ಕಟಿಂಗ್ ವ್ಹೀಲೇ ಗತಿ. ಆಮೇಲೆ ಎದುರುಬದುರು ಮೂಲೆಗಳಿಗೆ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡುತ್ತಾ ಬಾ. ಆಗಾಗ ಫ್ರೇಮ್ ತಿರುಗಿಸಿ ಹಾಕು.

ಪ್ರಶ್ನೆ: ವೆಲ್ಡಿಂಗ್ ಮಾಡುವ ಮಗ ರಾತ್ರಿಯೆಲ್ಲ ಕಣ್ಣುರಿ ಅಂತ ಒದ್ದಾಡುತ್ತಾನೆ. ಆಲೂಗಡ್ಡೆ ಹೋಳು ಇಟ್ಟುಕೊಳ್ಳುತ್ತಾನೆ. ಹೆದರಿಕೆ ಆಗುತ್ತದೆ.
— ಒಬ್ಬ ತಾಯಿ, ಭದ್ರಾವತಿ

ಉತ್ತರ: ಅಮ್ಮಾ, ಬೆಸುಗೆಯ ಬೆಳಕಿನ ಅಲ್ಟ್ರಾವಯಲೆಟ್ ಕಿರಣ ಕಣ್ಣಿನ ಮೇಲ್ಪದರ ಸುಟ್ಟರೆ ಹೀಗಾಗುತ್ತದೆ. ಆಗ ಗೊತ್ತಾಗುವುದಿಲ್ಲ, ಕೆಲವು ಗಂಟೆ ಬಿಟ್ಟು ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ. ಆಲೂಗಡ್ಡೆ ತಂಪು ಕೊಡಬಹುದು, ಔಷಧಿ ಅಲ್ಲ. ಹೋಳಿನ ಕೊಳೆ ಕಣ್ಣಿಗೆ ಹೋದರೆ ಇನ್ನೊಂದು ಕಷ್ಟ. ಕಣ್ಣಿನ ಡಾಕ್ಟರಿಗೆ ತೋರಿಸಿ. ಮಗ ಟ್ಯಾಕ್ ಹಾಕುವಾಗ "ಒಂದೇ ಚುಕ್ಕೆ" ಅಂತ ಬರಿಗಣ್ಣಲ್ಲಿ ಹಾಕುತ್ತಾನಾ, ಕೇಳಿ. ಪಕ್ಕದವನ ಕಿಡಿಯೂ ಅಷ್ಟೇ ಕೆಟ್ಟದ್ದು. ಜಿಐ ಪೈಪಿನ (ಸತು ಲೇಪಿಸಿದ ಕಬ್ಬಿಣದ ಪೈಪು) ಕೆಲಸ ಇದ್ದರೆ ಇನ್ನೂ ಹುಷಾರು: ಅದರ ಸತುವಿನ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ, ಹಾಲು ಕುಡಿದರೆ ಏನೂ ಆಗಲ್ಲ ಅನ್ನುವುದು ಬರೀ ನಂಬಿಕೆ. ಬೆಸುಗೆ ಹಾಕುವ ಜಾಗದ ಲೇಪ ಉಜ್ಜಿ ತೆಗೆಯಬೇಕು, ಗಾಳಿ ಆಡುವ ಕಡೆ ಕೂರಬೇಕು.

ಪ್ರಶ್ನೆ: ಹುಡುಗಿಯರನ್ನು ವೆಲ್ಡರ್ ಟ್ರೇಡಿಗೆ ಸೇರಿಸಿಕೊಳ್ಳುತ್ತಾರಾ?
— ಓದುಗಿ, ಶಿರಸಿ

ಉತ್ತರ: ಧಾರಾಳವಾಗಿ. ಕಾಟನ್ ಬಟ್ಟೆಯನ್ನೇ ಹಾಕು, ಪಾಲಿಯೆಸ್ಟರ್ ಮೇಲೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ದುಪಟ್ಟಾ ಬೇಡ, ಕೂದಲು ಬಿಗಿಯಾಗಿ ಕಟ್ಟು. ಅಲ್ಲಿ ಕೊಡುವ ಚರ್ಮದ ಗ್ಲೌಸು ಗಂಡಸರ ಅಳತೆಯದ್ದೇ ಇದ್ದರೆ ನಿನ್ನ ಕೈಗೆ ಆಗುವ ಚಿಕ್ಕದನ್ನು ಕೇಳಿ ತೆಗೆದುಕೋ. ದೊಡ್ಡ ಗ್ಲೌಸಿನಲ್ಲಿ ಹಿಡಿತ ನಿಲ್ಲುವುದಿಲ್ಲ.