ದಲಾಲಿ ಯಾರು ಕೊಡಬೇಕು?

ಜಗಳೂರು ತಾಲ್ಲೂಕಿನ ರೈತರೊಬ್ಬರ ಪತ್ರ: ‘ಮಗನಿಗೆ ಕೊಲ್ಲಿ ದೇಶದಲ್ಲಿ ಚಾಲಕನ ಕೆಲಸ ಕೊಡಿಸುವುದಾಗಿ ಹೇಳಿದ ದಾವಣಗೆರೆಯ ಏಜೆಂಟರೊಬ್ಬರಿಗೆ ಮೆಕ್ಕೆಜೋಳ ಮಾರಿದ 70,000 ರೂಪಾಯಿ ಕೊಟ್ಟೆ. ಎಂಟು ತಿಂಗಳಾಯಿತು, ವೀಸಾ ಬಂದಿಲ್ಲ. ಕೆಲಸ ಕೊಡಿಸುವವರು ಹಣ ಕೇಳುವುದೇ ತಪ್ಪೇ? ಅವರೂ ಬದುಕಬೇಕಲ್ಲ?’

ಉತ್ತರ: ನೀವು ಕಳುಹಿಸಿದ ಚೀಟಿಯ ನಕಲನ್ನು ಮೇಜಿನ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಗೆರೆ ಹಾಕಿದ ನೋಟ್‌ಪುಸ್ತಕದ ಹರಿದ ಹಾಳೆ, ‘ಮುಂಗಡ 70,000’, ಕೆಳಗೊಂದು ಗೀಚು ಸಹಿ. ಮೊಹರಿಲ್ಲ, ನೋಂದಣಿ ಸಂಖ್ಯೆಯಿಲ್ಲ, ಯಾವುದಕ್ಕೆ ಮುಂಗಡ ಎಂಬ ಮಾತೂ ಇಲ್ಲ.

ಹೌದು, ತಪ್ಪು. ನಿಮಗೆ ಗೊತ್ತಿರುವ ಲೆಕ್ಕದಲ್ಲೇ ಹೇಳುತ್ತೇನೆ. ಎಪಿಎಂಸಿಗೆ ನೀವು ಮೆಕ್ಕೆಜೋಳ ತಂದಾಗ ದಲಾಲಿಯನ್ನು ಕೊಳ್ಳುವವರಿಂದ ಪಡೆಯಬೇಕು, ಬೆಳೆದವರಿಂದ ಹಿಡಿದುಕೊಳ್ಳಬಾರದು ಎಂಬುದು ನಿಯಮ. ಮೀರುವವರಿದ್ದಾರೆ, ನಿಯಮವಂತೂ ಅದೇ. ಮೂಟೆ ಜೋಳಕ್ಕಿರುವ ನ್ಯಾಯ ನಿಮ್ಮ ಮಗನ ದುಡಿಮೆಗೆ ಬೇಡವೇ? ಆಳು ಬೇಕಾಗಿರುವುದು ಮಾಲೀಕನಿಗೆ. ಏಜೆಂಟರೂ ಬದುಕಲಿ, ಮಾಲೀಕನ ಹಣದಲ್ಲಿ ಬದುಕಲಿ.

ಜಗತ್ತು ಈ ಮಾತಿಗೆ ಬರಲು ಬಹಳ ಕಾಲ ಹಿಡಿಯಿತು. ಲಾಭಕ್ಕಾಗಿ ಶುಲ್ಕ ವಸೂಲಿ ಮಾಡುವ ಏಜೆನ್ಸಿಗಳನ್ನು ಮೂರು ವರ್ಷದೊಳಗೆ ಮುಚ್ಚಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1933ರ ಒಪ್ಪಂದ ಹೇಳಿತು. 1949ರಲ್ಲಿ ಬಿಗಿ ಸಡಿಲವಾಯಿತು: ಮುಚ್ಚಿಸಿ, ಇಲ್ಲವೇ ಪರವಾನಗಿ ಕೊಟ್ಟು ಹದ್ದುಬಸ್ತಿನಲ್ಲಿಡಿ. 1997ರ 181ನೇ ಒಪ್ಪಂದ ಖಾಸಗಿ ಏಜೆನ್ಸಿಗಳನ್ನು ಒಪ್ಪಿಕೊಂಡಿತು. ಆದರೆ ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ, ಖರ್ಚು ಯಾವುದನ್ನೂ ಪಡೆಯಬಾರದು ಎಂದು ಅದರ ಏಳನೇ ವಿಧಿ ಹೇಳುತ್ತದೆ. ಕೆಲವು ವರ್ಗಗಳಿಗೆ ವಿನಾಯಿತಿ ಕೊಡಬಹುದು. ಅದಕ್ಕೂ ಮೊದಲು ಕಾರ್ಮಿಕ ಸಂಘಗಳನ್ನೂ ಮಾಲೀಕರ ಸಂಘಗಳನ್ನೂ ಕೇಳಬೇಕು.

ಭಾರತ ಈ ಒಪ್ಪಂದವನ್ನು ಅನುಮೋದಿಸಿಲ್ಲ. ಲಕ್ಷಾಂತರ ಜನರನ್ನು ಹೊರದೇಶದ ದುಡಿಮೆಗೆ ಕಳುಹಿಸುವ ದೇಶ ಹೀಗೆ ದೂರ ನಿಂತಿರುವುದು ನನಗೆ ನೋವಿನ ಸಂಗತಿ. ನಮ್ಮ 1983ರ ವಲಸೆ ಕಾಯ್ದೆಯಡಿ ನೋಂದಣಿ ಇರುವ ಏಜೆಂಟರು ಹೆಚ್ಚೆಂದರೆ 30,000 ರೂಪಾಯಿ ಹಾಗೂ ಅದರ ಮೇಲಿನ ಜಿಎಸ್‌ಟಿ ಪಡೆಯಬಹುದು, ರಸೀದಿ ಕೊಡಲೇಬೇಕು. ನೋಂದಣಿ ಇಲ್ಲದವರು ಈ ವ್ಯವಹಾರಕ್ಕೆ ಕೈ ಹಾಕುವಂತೆಯೇ ಇಲ್ಲ. ನಿಮ್ಮಿಂದ ಪಡೆದದ್ದು ಈ ಸಡಿಲ ಕಾನೂನು ಕೂಡ ಒಪ್ಪದ ಹಣ.

ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಆ ಏಜೆಂಟರ ಹೆಸರಿದೆಯೇ ನೋಡಿಸಿ. ಇದ್ದರೂ ಇಲ್ಲದಿದ್ದರೂ ಪೊಲೀಸ್ ಠಾಣೆಗೆ ದೂರು ಕೊಡಿ, ಬೆಂಗಳೂರಿನಲ್ಲಿರುವ ವಲಸಿಗರ ರಕ್ಷಣಾಧಿಕಾರಿಗಳ ಕಚೇರಿಗೂ ಬರೆಯಿರಿ. ಚೀಟಿಯ ನಕಲನ್ನು ಲಗತ್ತಿಸಿ. ಮೂಲ ನಿಮ್ಮಲ್ಲೇ ಭದ್ರವಾಗಿರಲಿ. ಅಪ್ಪನ ಹಣ ಕಳೆದೆನೆಂದು ಮಗ ಸರಿಯಾಗಿ ಊಟ ಮಾಡುತ್ತಿಲ್ಲ ಎಂದೂ ಬರೆದಿದ್ದೀರಿ. ಹಣ ನುಂಗಿದವರು ನೆಮ್ಮದಿಯಾಗಿ ಉಣ್ಣುತ್ತಿರುವಾಗ ಅವನೇಕೆ ಉಪವಾಸ ಬೀಳಬೇಕು? ಠಾಣೆಗೆ ಅವನನ್ನೂ ಕರೆದುಕೊಂಡು ಹೋಗಿ. ದೂರನ್ನು ಅವನೇ ತನ್ನ ಕೈಯಾರೆ ಬರೆಯಲಿ.