ಅನ್ನ ಅಂಚಲ್ಲಿ ಕಲ್ಲು, ಮಧ್ಯ ತಣ್ಣಗೆ: ಓವನ್ ಕೆಟ್ಟಿಲ್ಲ

ಮೈಕ್ರೋವೇವ್ ಓವನ್ ಬಗ್ಗೆ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹೋದ ಸಲ ಬಂದವೇ, ಅದಕ್ಕೂ ಹಿಂದಿನ ಸಲ ಬಂದವೂ ಅವೇ. ಕಾಲೇಜಲ್ಲಿ ಆಹಾರ ವಿಜ್ಞಾನ ಪಾಠ ಮಾಡಿ, ಆಮೇಲೆ ಹತ್ತೊಂಬತ್ತು ವರ್ಷದಿಂದ ಮೈಕ್ರೋವೇವ್ ಅಡುಗೆ ಕ್ಲಾಸ್ ತಗೋತಿದೀನಿ, ಅಷ್ಟು ವರ್ಷದಿಂದ ಅನ್ನದ ಪ್ರಶ್ನೆ ಒಂದು ಬಿಟ್ಟೂ ಬಿಡದ ಹಾಗೆ ಬೆನ್ನು ಹತ್ತಿದೆ. ಅದಕ್ಕೇ ಇವತ್ತು ಅದನ್ನ ಪೂರ್ತಿ ಬರೆದುಬಿಡ್ತೀನಿ. ಯಾವ ಬಟನ್ ಒತ್ತಬೇಕು, ಟೈಮ್ ಹೇಗೆ ಸೆಟ್ ಮಾಡಬೇಕು ಅಂತೆಲ್ಲ ಕೇಳಬೇಡಿ, ಬಾಕ್ಸಲ್ಲಿ ಒಂದು ಪುಸ್ತಕ ಬಂದಿರತ್ತೆ, ಇನ್ನೂ ಪ್ಲಾಸ್ಟಿಕ್ ಕವರಲ್ಲೇ ಇದ್ರೆ ಆಚೆ ತೆಗೀರಿ.

ಪ್ರಶ್ನೆ: ರಾತ್ರಿ ಉಳಿದ ಅನ್ನನ ಬೆಳಗ್ಗೆ ಮೂರು ನಿಮಿಷ ಇಟ್ರೆ ಅಂಚೆಲ್ಲ ಒಣಗಿ ಕಲ್ಲಾಗತ್ತೆ, ಮಧ್ಯ ಬೆರಳಿಟ್ರೆ ತಣ್ಣಗೇ ಇರತ್ತೆ. ಓವನ್ ತಗೊಂಡು ಎಂಟು ತಿಂಗಳಷ್ಟೇ ಆಗಿರೋದು. ಸರ್ವಿಸ್‌ನವರು ಬಂದು ಏನೂ ತೊಂದರೆ ಇಲ್ಲ ಅಂದು ಹೋದ್ರು. ಫ್ರಿಜ್ಜಲ್ಲಿಟ್ರೆ ಅನ್ನ ಗಟ್ಟಿಯಾಗತ್ತೆ ಅಂತ ರಾತ್ರಿ ಹೊರಗೇ ಮುಚ್ಚಿಡ್ತೀನಿ, ಹೇಗೂ ಮೈಕ್ರೋವೇವ್ ಕ್ರಿಮಿನೆಲ್ಲ ಸಾಯಿಸತ್ತಲ್ಲ? (ಒಬ್ಬ ಗೃಹಿಣಿ, ಹಾಸನ)

ಉತ್ತರ: ನೀವು ಕೇಳಿರೋದು ಒಂದಲ್ಲ, ಎರಡು ಪ್ರಶ್ನೆ. ಎರಡನೇದು ಗೊತ್ತಿಲ್ಲದೇ ಕೇಳಿಬಿಟ್ಟಿದೀರಿ, ಅದೇ ಮುಖ್ಯವಾದ್ದು. ಆದ್ರೂ ಮೊದಲನೇದರಿಂದ ಶುರು ಮಾಡೋಣ.

ಸರ್ವಿಸ್‌ನವರು ನಿಜಾನೇ ಹೇಳಿದಾರೆ. ಮೈಕ್ರೋವೇವ್ ಊಟನ ಒಳಗಿಂದ ಬೇಯಿಸತ್ತೆ ಅಂತ ಯಾರೋ ಯಾವತ್ತೋ ಹೇಳಿಬಿಟ್ಟಿದಾರೆ, ಎಲ್ಲರ ತಲೇಲಿ ಅದೇ ಕೂತಿದೆ. ಶುದ್ಧ ಸುಳ್ಳು. ತರಂಗ ಹೊರಗಿನಿಂದಲೇ ಒಳಗೆ ಹೋಗೋದು, ಅದೂ ಎರಡು ಮೂರು ಸೆಂಟಿಮೀಟರ್ ಹೋಗೋಷ್ಟರಲ್ಲಿ ಶಕ್ತಿ ಹೆಚ್ಚುಕಮ್ಮಿ ಖಾಲಿ, ಅಲ್ಲಿಂದ ಒಳಗಿನ ಭಾಗಕ್ಕೆ ಪಕ್ಕದ ಅನ್ನದ ಬಿಸಿ ನಿಧಾನಕ್ಕೆ ದಾಟ್ಕೊಂಡು ಹೋಗಬೇಕು, ಅನ್ನ ಅಂದ್ರೆ ಗೊತ್ತಲ್ಲ, ಬಿಸಿ ದಾಟಿಸೋದ್ರಲ್ಲಿ ಮಹಾ ಸೋಮಾರಿ. ನೀವು ಬಟ್ಟಲ ತುಂಬ ಗುಡ್ಡೆ ಹಾಕಿಡ್ತೀರಿ, ಅಂಚಿನ ಅನ್ನಕ್ಕೆ ಮೇಲಿಂದಲೂ ಪಕ್ಕದಿಂದಲೂ ಹೊಡೆತ, ನಡುವಿನದಕ್ಕೆ ಏನೂ ಇಲ್ಲ.

ಇನ್ನೊಂದು ಕಾರಣನೂ ಇದೆ, ಅದನ್ನ ಕ್ಲಾಸಲ್ಲಿ ನಾನು ಬಾಯಲ್ಲಿ ಹೇಳೋಕೆ ಹೋಗಲ್ಲ, ಹಪ್ಪಳದಲ್ಲಿ ತೋರಿಸ್ತೀನಿ. ಮನೇಲಿ ನೀವೂ ಮಾಡಿ. ತಿರುಗೋ ತಟ್ಟೆ ತೆಗೆದು, ತಿರುಗದ ಹಾಗೆ ಒಂದು ಅಗಲ ಗಾಜಿನ ಟ್ರೇ ಬೋರಲು ಹಾಕಿ, ಅದರ ಮೇಲೆ ಹಸಿ ಉದ್ದಿನ ಹಪ್ಪಳ ಸಾಲಾಗಿ ಜೋಡಿಸಿ ಇಪ್ಪತ್ತು ಮೂವತ್ತು ಸೆಕೆಂಡ್ ಓಡಿಸಿ, ಕಣ್ಣು ಅಲ್ಲೇ ಇರಲಿ. ಹಪ್ಪಳ ಪೂರ್ತಿ ಅರಳಲ್ಲ. ಒಂದು ಕಡೆ ಬೆಳ್ಳಗೆ ಗುಳ್ಳೆ ಎದ್ದಿರತ್ತೆ, ಅದರ ಪಕ್ಕದಲ್ಲೇ ಹಳದಿ ಹಸಿ ಹಾಗೇ ಇರತ್ತೆ, ಮತ್ತೆ ಸ್ವಲ್ಪ ದೂರದಲ್ಲಿ ಗುಳ್ಳೆ. ಚಿರತೆ ಚರ್ಮದ ಥರ ಕಾಣತ್ತೆ. ಒಳಗಿನ ತರಂಗ 2450 ಮೆಗಾಹರ್ಟ್ಸ್‌ದು, ಉದ್ದ ಸುಮಾರು 12 ಸೆಂಟಿಮೀಟರ್, ಗೋಡೆಗೆ ಬಡಿದು ವಾಪಸ್ ಬಂದು ಒಂದರ ಮೇಲೊಂದು ಬಿದ್ದು ಕೆಲವು ಜಾಗದಲ್ಲಿ ಜೋರು, ಕೆಲವು ಜಾಗದಲ್ಲಿ ಸೊನ್ನೆ ಆಗತ್ತೆ. ಜೋರು ಜಾಗಗಳ ಮಧ್ಯದ ಅಂತರ ಹೆಚ್ಚುಕಮ್ಮಿ 6 ಸೆಂಟಿಮೀಟರ್. ಇದಕ್ಕೇ ತಟ್ಟೆ ತಿರುಗೋ ಹಾಗೆ ಮಾಡಿರೋದು, ಅಲಂಕಾರಕ್ಕಲ್ಲ. ಆದ್ರೆ ತಟ್ಟೆಯ ನಟ್ಟನಡುವೆ ಬಟ್ಟಲಿಟ್ರೆ ಮಧ್ಯದ ಅನ್ನ ನಿಂತಲ್ಲೇ ಸುತ್ತತ್ತೆ, ಜಾಗ ಬದಲಾಗಲ್ಲ. ಚಿಕ್ಕ ಬಟ್ಟಲಾದ್ರೆ ನಡು ಬಿಟ್ಟು ಅಂಚಿನ ಕಡೆ ಇಡಿ.

ಈಗ ಮಾಡೋದು ಹೇಗೆ. ಬಟ್ಟಲು ಬೇಡ, ಅಗಲವಾದ ಗಾಜಿನ ಪಾತ್ರೆ ತಗೊಳಿ. ಅನ್ನದ ಗಂಟೆಲ್ಲ ಕೈಯಲ್ಲಿ ಬಿಡಿಸಿ, ಹರಡಿ, ಮಧ್ಯದಲ್ಲಿ ಮೇದುವಡೆಗೆ ಮಾಡ್ತೀವಲ್ಲ ಹಾಗೆ ಒಂದು ತೂತು ಬಿಡಿ, ತಣ್ಣಗೆ ಉಳಿಯೋ ನಡುವೇ ಇಲ್ಲದ ಹಾಗಾಯ್ತು. ಇಬ್ಬರಿಗಾಗೋ ಅನ್ನಕ್ಕೆ ಎರಡು ಚಮಚ ನೀರು ಚಿಮುಕಿಸಿ. ಸಡಿಲವಾಗಿ ಮುಚ್ಚಿ, ಗಾಳಿ ಆಡದ ಹಾಗೆ ಬಿಗೀಬೇಡಿ. ಫುಲ್ ಪವರ್ ಬೇಡ, 60 ಪರ್ಸೆಂಟ್‌ಗೆ ಇಳಿಸಿ ಎರಡು ನಿಮಿಷ, ತೆಗೆದು ಅಡಿಮೇಲು ಕಲಸಿ, ಮತ್ತೆ ಒಂದೂವರೆ ಎರಡು ನಿಮಿಷ. ಆಮೇಲೆ ಮುಚ್ಚಳ ತೆಗೀದೇ ಎರಡು ನಿಮಿಷ ಸುಮ್ನೆ ಬಿಡಿ. ಈ ಬಿಡೋದನ್ನ ಮಾತ್ರ ಯಾರೂ ಮಾಡಲ್ಲ, ಬೀಪ್ ಅಂದ ತಕ್ಷಣ ಬಾಗಿಲು ತೆಗೀತಾರೆ. ಬಿಸಿ ಒಳಗೆ ಹರಡೋದೇ ಆ ಎರಡು ನಿಮಿಷದಲ್ಲಿ. ಅಂದಹಾಗೆ ಪವರ್ ಕಮ್ಮಿ ಅಂದ್ರೆ ಒಲೆ ಸಣ್ಣಗೆ ಮಾಡಿದ ಹಾಗಲ್ಲ. ಮಾಮೂಲಿ ಓವನ್‌ಗಳು ಪೂರ್ತಿ ಶಕ್ತೀಲೇ ಓಡಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಓಡ್ತವೆ, ಗುಂಯ್ ಅನ್ನೋ ಸದ್ದು ಎದ್ದು ಬೀಳೋದು ಕೇಳಿಸತ್ತೆ. ಆ ಬಿಡುವಲ್ಲಿ ಬಿಸಿ ಹರಡ್ಕೊಳತ್ತೆ, ಲಾಭ ಅದು. ಸಾಂಬಾರ್‌ಗೂ ಇದೇ ಲೆಕ್ಕ, ನೀರು ಮಾತ್ರ ಬೇಡ.

ಫ್ರಿಜ್ಜಲ್ಲಿಟ್ಟ ಅನ್ನ ಗಟ್ಟಿಯಾಗತ್ತೆ, ಹೌದು. ತಣ್ಣಗಾದಾಗ ಅನ್ನದ ಪಿಷ್ಟ ಮತ್ತೆ ಬಿಗಿಯಾಗಿ ಕಟ್ಕೊಳತ್ತೆ, ಅನ್ನ ಒಣಗಿದೆ ಅಂತ ಅಲ್ಲ. ಮೇಲೆ ಹೇಳಿದ ಹಾಗೆ ಹಬೇಲಿ ಬಿಸಿ ಮಾಡಿದ್ರೆ ಮೆತ್ತಗಾಗತ್ತೆ. ಇದಕ್ಕೆ ಹೆದರಿ ರಾತ್ರಿಯಿಡೀ ಹೊರಗಿಟ್ಟೆ ಅಂತೀರಲ್ಲ, ನನಗೆ ಸಿಟ್ಟು ಬರೋದು ಅಲ್ಲೇ.

ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಇರತ್ತೆ, ಹೆಸರೇ ಸೀರಿಯಸ್ಸು. ಅದರ ಬೀಜಕಣಗಳು ಅನ್ನ ಕುದ್ದರೂ ಸಾಯಲ್ಲ. ಬಿಸಿ ಇಳಿದು ಉಗುರುಬೆಚ್ಚಗಾಗಿ ರಾತ್ರಿಯೆಲ್ಲ ಪಾತ್ರೇಲಿ ಮುಚ್ಚಿಟ್ಟಿದ್ರೆ ಮೊಳೆತು, ಹೆಚ್ಚಿ, ವಿಷ ಬಿಡತ್ತೆ. ಬೆಳಗ್ಗೆ ನೀವು ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯಬಹುದು, ವಾಂತಿ ಬರಿಸೋ ಆ ವಿಷ ಮಾತ್ರ ಹಾಗೇ ಇರತ್ತೆ, 121 ಡಿಗ್ರೀಲಿ ಒಂದೂವರೆ ಗಂಟೆ ಇಟ್ರೂ ಜಗ್ಗಲ್ಲ. ನಿಮ್ಮ ಮೂರು ನಿಮಿಷ ಯಾವ ಲೆಕ್ಕ. ವಾಸನೆ ಬರಲ್ಲ, ರುಚಿ ಬದಲಾಗಬೇಕು ಅಂತೇನಿಲ್ಲ, ತಿಂದ ಒಂದರಿಂದ ಆರು ಗಂಟೆ ಒಳಗೆ ವಾಂತಿ. ಮನೆಯವರು ನಿನ್ನೆ ಮದುವೆ ಊಟದ ಮೇಲೆ ತಪ್ಪು ಹೊರಿಸ್ತಾರೆ, ಚಿತ್ರಾನ್ನದ ಮೇಲೆ ಯಾರಿಗೂ ಅನುಮಾನ ಇಲ್ಲ.

ಅದಕ್ಕೆ ಉಳಿದ ಅನ್ನನ ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ, ಒಂದು ಗಂಟೆ, ಹೆಚ್ಚಂದ್ರೆ ಎರಡು ಗಂಟೆ ಒಳಗೆ ಫ್ರಿಜ್ಜಿಗೆ ಹಾಕಿ, ಮಾರನೇ ದಿನ ಮುಗಿಸಿ, ಒಂದೇ ಸಲ ಬಿಸಿ ಮಾಡಿ, ಎಲ್ಲಾ ಕಡೆ ಹಬೆ ಏಳೋ ಹಾಗೆ. ಥರ್ಮಾಮೀಟರ್ ಇದ್ದೋರು 75 ಡಿಗ್ರಿ ನೋಡಿ. ನಮ್ಮಜ್ಜಿ ತಂಗಳನ್ನ ತಿಂದು ತೊಂಬತ್ತು ವರ್ಷ ಬದುಕಿದ್ರು ಅಂತ ಬರೀಬೇಡಿ ದಯವಿಟ್ಟು, ವಾರಕ್ಕೊಬ್ಬರು ಬರೀತಾರೆ. ಅನ್ನನ ನೀರಲ್ಲಿ ನೆನೆಸಿ ಹುಳಿ ಬರಿಸೋದು ಬೇರೆ ಕ್ರಮ, ಹುಳಿಗೆ ಬ್ಯಾಕ್ಟೀರಿಯಾದ ಆಟ ಬೇರೆ ಆಗತ್ತೆ. ಕುಕ್ಕರಲ್ಲಿ ಮರೆತುಬಿಟ್ಟ ಅನ್ನಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿನ್ನೆ ರಾತ್ರಿ ಹೊರಗೇ ಇದ್ದ ಅನ್ನನ ಚೆಲ್ಲಿ. ಹೊಟ್ಟೆ ಉರಿಯತ್ತೆ, ಗೊತ್ತು, ನನಗೂ ಉರಿಯತ್ತೆ.

ಪ್ರಶ್ನೆ: ಮೈಕ್ರೋವೇವ್ ಊಟದಿಂದ ಕ್ಯಾನ್ಸರ್ ಬರತ್ತಂತೆ, ಜಪಾನಲ್ಲಿ ನಿಷೇಧ ಮಾಡಿದಾರಂತೆ, ನಿಜವೇ?

ಉತ್ತರ: ಜಪಾನ್ ನಿಷೇಧದ ಸುದ್ದಿ ರಷ್ಯಾದ ಒಂದು ತಮಾಷೆ ವೆಬ್‌ಸೈಟಲ್ಲಿ ಹುಟ್ಟಿದ್ದು, ತಮಾಷೆ ಅಂತ ಗೊತ್ತಾಗದೇ ನಮ್ಮ ಸೋದರಮಾವಂದಿರ ಗ್ರೂಪ್‌ವರೆಗೂ ಬಂದು ತಲುಪಿದೆ. ಇದು ಎಕ್ಸ್‌ರೇ ಅಲ್ಲ, ದೇಹದ ಅಣುಗಳನ್ನ ಒಡೆಯೋ ಶಕ್ತಿ ಇದಕ್ಕಿಲ್ಲ, ಊಟ ಬಿಸಿ ಮಾಡತ್ತೆ ಅಷ್ಟೆ. 1945ರಲ್ಲಿ ರೇಡಾರ್ ಕೆಲಸ ಮಾಡ್ತಿದ್ದ ಪರ್ಸಿ ಸ್ಪೆನ್ಸರ್ ಅನ್ನೋರ ಜೇಬಲ್ಲಿದ್ದ ಚಾಕಲೇಟ್ ಕರಗಿತಲ್ಲ, ಅದೇ ಕೆಲಸ. ವಿಟಮಿನ್ ಹೋಗತ್ತೆ ಅನ್ನೋರಿಗೆ: ಹುರುಳಿಕಾಯಿನ ಒಲೆ ಮೇಲೆ ಒಂದು ಪಾತ್ರೆ ನೀರಲ್ಲಿ ಬೇಯಿಸಿ ನೀರು ಬಸಿದು ಚೆಲ್ತೀರಲ್ಲ, ಅದರಲ್ಲಿ ಹೋಗೋ ವಿಟಮಿನ್ ಸಿ ಜಾಸ್ತಿ. ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಐದಾರು ನಿಮಿಷ ಮೈಕ್ರೋವೇವಲ್ಲಿಡಿ, ಬಣ್ಣನೂ ಉಳಿಯತ್ತೆ, ಆಮೇಲೆ ಒಲೆ ಮೇಲೆ ಒಗ್ಗರಣೆ ಕೊಡಿ. ಒಗ್ಗರಣೆ ಮಾತ್ರ ಓವನಲ್ಲಿ ಬೇಡ, ಎಣ್ಣೆ ಅದರಲ್ಲಿ ಸರಿಯಾಗಿ ಕಾಯೋದೂ ಇಲ್ಲ.

ಪ್ರಶ್ನೆ: ಓವನ್ ಓಡ್ತಿದ್ರೆ ವೈಫೈ ಕಟ್ ಆಗತ್ತೆ. ಕಿರಣ ಸೋರ್ತಿದೆಯಾ? ಒಬ್ಬರು ಬಾಗಿಲಿಗೆ ಅಂಟಿಸೋ ರೇಡಿಯೇಷನ್ ತಡೆ ಸ್ಟಿಕ್ಕರ್ ಕೊಡ್ತೀನಿ ಅಂತಿದಾರೆ.

ಉತ್ತರ: ಎರಡೂ ಒಂದೇ ಅಲೆಪಟ್ಟಿ. ಓವನ್ 800 ವಾಟ್‌ದು, ನಿಮ್ಮ ರೌಟರ್ ಅದರ ಮುಂದೆ ಸೊಳ್ಳೆ. ಚೂರೇ ಚೂರು ಆಚೆ ಬಂದ್ರೂ ವೈಫೈಗೆ ಕಿವುಡು ಹಿಡಿಯತ್ತೆ, ನಿಮಗೇನೂ ಆಗಲ್ಲ. ಮಿತಿ ಅಂತ ಇಟ್ಟಿರೋದೇ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟ್. ಬಾಗಿಲು ಸೊಟ್ಟಗಾಗಿದ್ರೆ, ಹಿಂಜ್ ಸಡಿಲ ಇದ್ರೆ, ಗಾಜು ಬಿರುಕು ಬಿಟ್ಟಿದ್ರೆ ಆ ಕ್ಷಣವೇ ನಿಲ್ಲಿಸಿ, ಅದರಲ್ಲಿ ನನ್ನ ತಕರಾರಿಲ್ಲ. ಸ್ಟಿಕ್ಕರಿನವರನ್ನ ಗೇಟ್ ಹತ್ತಿರಾನೇ ಕಳಿಸಿ. ಒಳಗೆ ಮೊಬೈಲ್ ಇಟ್ಟು ರಿಂಗ್ ಆಗತ್ತಾ ನೋಡೋ ಟೆಸ್ಟೂ ಟೆಸ್ಟಲ್ಲ.

ಪ್ರಶ್ನೆ: ಹೋಟೆಲ್ ಪಾರ್ಸೆಲ್ ಡಬ್ಬೀಲೇ ಬಿಸಿ ಮಾಡಬಹುದಾ? ಮೈಕ್ರೋವೇವ್ ಸೇಫ್ ಅಂತ ಬರೆದಿರತ್ತೆ.

ಉತ್ತರ: ಸೇಫ್ ಅಂದ್ರೆ ಡಬ್ಬಿ ಕರಗಲ್ಲ, ಸೊಟ್ಟಗಾಗಲ್ಲ ಅಂತ ಮುಖ್ಯವಾಗಿ. ಎಣ್ಣೆ ತೇಲೋ ಗ್ರೇವಿ ಇದ್ರೆ ಎಣ್ಣೆ ನೀರಿನ 100 ಡಿಗ್ರಿ ದಾಟಿ ಹೋಗತ್ತೆ, ಡಬ್ಬಿ ಗೋಡೆ ಮೇಲೆ ಎಣ್ಣೆ ಮಟ್ಟದಲ್ಲಿ ಒಂದು ಒರಟು ಗೆರೆ ಬಿದ್ದಿರೋದು ನೋಡಿದೀರಾ? ಪ್ಲಾಸ್ಟಿಕ್ ಅಲ್ಲಿ ಎದ್ದಿರೋದು. ನಾನಂತೂ ಯಾವ ಪ್ಲಾಸ್ಟಿಕ್ಕೂ ಒಳಗೆ ಬಿಡಲ್ಲ, ಅತಿ ಅಂತೀರೇನೋ, ಅನ್ನಿ. ಗಾಜು, ಪಿಂಗಾಣಿ ಸಾಕು. ಚಿನ್ನದ ಗೆರೆ ಇರೋ ಪಿಂಗಾಣಿ ಬೇಡ, ಕಿಡಿ ಹಾರತ್ತೆ. ಮೆಲಮೈನ್ ತಟ್ಟೇನೂ ಬೇಡ.

ಪ್ರಶ್ನೆ: ಸ್ಟೀಲ್ ಪಾತ್ರೆ ಇಡಬಹುದಾ?

ಉತ್ತರ: ಮೈಕ್ರೋ ಮೋಡಲ್ಲಿ ಬೇಡ. ಬರೀ ಕನ್ವೆಕ್ಷನ್ ಮೋಡಲ್ಲಿ, ಅಂದ್ರೆ ತರಂಗ ಇಲ್ಲದೇ ಬಿಸಿಗಾಳೀಲಿ ಬೇಯಿಸುವಾಗ, ಕೇಕ್ ಟಿನ್ ಇಡಬಹುದು, ಆಗ ಗಾಜು ಪಿಂಗಾಣಿ ಅಂತ ಯೋಚನೆ ಮಾಡೋ ಬದಲು ಪ್ಲಾಸ್ಟಿಕ್ ಮರೆತು ಒಳಗೆ ಉಳಿದಿಲ್ಲ ತಾನೇ ಅಂತ ನೋಡಿ.

ಪ್ರಶ್ನೆ: ಕಾಫಿಗೆ ನೀರು ಎಷ್ಟು ನಿಮಿಷ ಕಾಯಿಸಬೇಕು?

ಉತ್ತರ: ಕಾಯಿಸಲೇಬೇಡಿ. ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಕಲೆ ಇದೆ, ಹನ್ನೆರಡು ವರ್ಷ ಹಳೇದು. ಒಂದು ಹೊಸ ನುಣುಪಾದ ಮಗ್ಗು, ಮೂರು ನಿಮಿಷ, ತೆಗೆದಾಗ ನೀರಲ್ಲಿ ಒಂದು ಗುಳ್ಳೇನೂ ಇರಲಿಲ್ಲ, ಕಾದಿಲ್ವೇನೋ ಅಂದ್ಕೊಂಡು ಒಂದು ಚಮಚ ಕಾಫಿಪುಡಿ ಹಾಕಿದೆ, ಅರ್ಧ ಮಗ್ಗು ನೀರು ಭುಸ್ಸಂತ ಕೈಮೇಲೆ ಬಂತು. ಗುಳ್ಳೆ ಏಳೋಕೆ ಒರಟು ಜಾಗ ಸಿಗದೇ ಇದ್ರೆ ನೀರು ಕುದಿಬಿಂದು ದಾಟಿದ್ರೂ ಸುಮ್ನೆ ಕೂತಿರತ್ತೆ, ಅಲ್ಲಾಡಿಸಿದ್ರೆ, ಪುಡಿ ಹಾಕಿದ್ರೆ ಒಂದೇ ಸಲ ಸಿಡಿಯತ್ತೆ. ಪಾಠ ಮಾಡೋ ನನಗೇ ಹೀಗಾಯ್ತು. ಮರದ ಕಡ್ಡಿ ಒಂದನ್ನ ನೀರಲ್ಲಿ ಬಿಟ್ಟು ಕಾಯಿಸಿದ್ರೆ ಸರಿಹೋಗತ್ತೆ ಅಂತ ಪುಸ್ತಕದಲ್ಲಿರತ್ತೆ, ಸರಿನೇ ಅದು, ಆದ್ರೂ ನಾನು ಮಾಡಲ್ಲ. ಒಲೆ ಇದೆಯಲ್ಲ ಮನೇಲಿ.

ಪ್ರಶ್ನೆ: ಮಗು ಹಾಲಿನ ಬಾಟಲಿ?

ಉತ್ತರ: ಬೇಡ. ಬಾಟಲಿ ಮುಟ್ಟಿದ್ರೆ ಬೆಚ್ಚಗಿರತ್ತೆ, ಒಳಗೆ ಒಂದು ಕಡೆ ಸುಡ್ತಿರತ್ತೆ. ಬಿಸಿನೀರಿನ ಪಾತ್ರೇಲಿ ಇಟ್ಟು ಬೆಚ್ಚಗೆ ಮಾಡಿ.

ಪ್ರಶ್ನೆ: ಬೇಯಿಸಿದ ಮೊಟ್ಟೆ ಬಿಸಿ ಮಾಡಬಹುದಾ, ಸಿಪ್ಪೆ ತೆಗೆದಿದ್ರೆ?

ಉತ್ತರ: ಸಿಪ್ಪೆ ತೆಗೆದಿದ್ರೂ ಇಡಿಯಾಗಿದ್ರೆ ಸಿಡಿಯತ್ತೆ, ಒಳಗೆ ಸಿಡೀದೇ ಬಾಯಲ್ಲಿ ಕಚ್ಚಿದಾಗ ಸಿಡಿದ್ರೆ ಇನ್ನೂ ಕಷ್ಟ. ಹೋಳು ಮಾಡಿ. ಇಡೀ ಬದನೆಕಾಯಿ, ಆಲೂಗಡ್ಡೆ ಆದ್ರೆ ಫೋರ್ಕಲ್ಲಿ ನಾಲ್ಕಾರು ಕಡೆ ಚುಚ್ಚಿ.

ಪ್ರಶ್ನೆ: ಅಡುಗೆಮನೆಯ ಮಾಮೂಲಿ ಸಣ್ಣ ಸಾಕೆಟ್‌ಗೆ ಕನ್ವರ್ಟರ್ ಪ್ಲಗ್ ಹಾಕಿ ಓಡಿಸಬಹುದಾ?

ಉತ್ತರ: ಇಲ್ಲ. 16 ಆಂಪ್ ಸಾಕೆಟ್, ಸರಿಯಾದ ಅರ್ತ್. ಮುಂದಿನ ಪ್ರಶ್ನೆ.

ಪ್ರಶ್ನೆ: ವಿಡಿಯೋ ನೋಡಿ ನಾನೇ ಬಿಚ್ಚಿ ರಿಪೇರಿ ಮಾಡ್ತೀನಿ, ಪ್ಲಗ್ ತೆಗೆದಿದ್ರೆ ಶಾಕ್ ಹೊಡೆಯಲ್ಲ ತಾನೇ?

ಉತ್ತರ: ಹೊಡೆಯತ್ತೆ. ಒಳಗೆ ಕರೆಂಟ್ ಕೂಡಿಡೋ ಕೆಪಾಸಿಟರಲ್ಲಿ ಎರಡು ಸಾವಿರ ವೋಲ್ಟಿನ ಆಸುಪಾಸು ಇರತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು, ಒಂದು ಸಲ ಹೊಡೆದ್ರೆ ಎರಡನೇ ಸಲ ಕಲಿಯೋಕೆ ಅವಕಾಶ ಸಿಗದೇ ಹೋಗಬಹುದು. ಮಿಕ್ಸಿ ಬೇಕಾದ್ರೆ ಬಿಚ್ಚಿ, ಇದನ್ನ ಬೇಡ.

ಪ್ರಶ್ನೆ: ಒಳಗೆ ಬಲಗಡೆ ಗೋಡೇಲಿ ಕಿಡಿ ಬರ್ತಿದೆ, ಪಾತ್ರೆ ಗಾಜಿನದೇ. ಫೋಟೋ ಕಳಿಸಿದೀನಿ.

ಉತ್ತರ: ಬಲಗಡೆ ರಟ್ಟಿನ ಥರ ಒಂದು ಹಾಳೆ ಕಾಣ್ತಿದೆಯಲ್ಲ, ಅದು ಮೈಕಾ ಶೀಟು, ರಟ್ಟಲ್ಲ, ಕಿತ್ತು ಬಿಸಾಕಬೇಡಿ. ತರಂಗ ಒಳಗೆ ಬರೋ ಬಾಗಿಲು ಅದು. ಸಾಂಬಾರು ಮುಚ್ಚದೇ ಬಿಸಿ ಮಾಡಿ ಮಾಡಿ ಎಣ್ಣೆ ಹಾರಿ ಅದರ ಮೇಲೆ ಕೂತು, ಸುಟ್ಟು ಕರ್ರಗಾಗಿದೆ, ಕರಿ ಕಟ್ಟಿದ ಜಾಗದಲ್ಲೇ ಕಿಡಿ ಹಾರ್ತಿರೋದು. ಹೊಸ ಶೀಟ್ ಹಾಕಿಸಿ, ಓವನ್ನಿನ ಬೆಲೆ ಮುಂದೆ ಅದು ಚಿಲ್ಲರೆ ಕಾಸು, ಅಲ್ಲಿವರೆಗೆ ಆನ್ ಮಾಡಬೇಡಿ. ಹೊಸದು ಹಾಕಿಸಿದ ಮೇಲೆ ವಾರಕ್ಕೊಂದು ಸಲ ಬಟ್ಟಲ ನೀರಿಗೆ ನಿಂಬೆಹಣ್ಣಿನ ಹೋಳು, ಒಂದು ಮರದ ಚಮಚ ಹಾಕಿ ಮೂರು ನಾಲ್ಕು ನಿಮಿಷ ಓಡಿಸಿ, ಬಾಗಿಲು ತೆಗೀದೇ ಐದು ನಿಮಿಷ ಬಿಟ್ಟು, ಹಬೆಗೆ ನೆನೆದ ಜಿಡ್ಡನ್ನ ಬಟ್ಟೇಲಿ ಒರೆಸಿ. ಮತ್ತೆ ಫೋಟೋದಲ್ಲಿ ಓವನ್ ಮೇಲೆ ಬ್ರೆಡ್ ಡಬ್ಬಿ, ಹಳೇ ಪೇಪರ್ ಕಟ್ಟು ಕಾಣ್ತಿದೆ. ಗಾಳಿ ಆಡೋ ತೂತು ಅಲ್ಲೇ ಇರೋದು, ಎರಡನ್ನೂ ಈಗಲೇ ಇಳಿಸಿ.